ಸೈಕಲ್ ತುಳಿದು ಬದುಕುವುದು

ಈ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಈಗ ಅವನು ಬಸ್ ಚಾಲಕ, ವಯಸ್ಸು ನಲವತ್ತು ದಾಟಿದೆ. ಮಗಳು ಏಳನೆಯ ತರಗತಿ ಮುಗಿಸಿದ್ದಾಳೆ. ಕುಶಲ ವಿಚಾರಿಸಿ, ಕಾಫಿ ಕುಡಿದು, ಮಳೆ ಬೆಳೆಯ ಮಾತೆಲ್ಲ ಮುಗಿದ ಮೇಲೆ ಅವನು ಬಂದ ಕಾರಣವನ್ನು ಹೇಳಿದ. "ಸಾ, ಇವಳಿಗೆ ಸೈಕಲ್ ರೇಸಿನ ಹುಚ್ಚು ಹಿಡಿದದೆ. ವಿಜಯಪುರದ ಕಡೆ ಕ್ರೀಡಾ ಹಾಸ್ಟೆಲ್ ಅದಂತೆ, ಆಯ್ಕೆಗೆ ಹೋಯ್ತೀನಿ ಅಂತಾಳೆ. ಸೈಕಲ್ ತುಳ್ದು ಬದುಕಕ್ಕಾಯ್ತದಾ ಸಾ? ಅವತ್ತು ನನಗೆ ಹೇಳಿದ್ರಲ್ಲ, ಇವತ್ತೂ ನೀವೇ ಹೇಳ್ಬೇಕು."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ 'ಅವತ್ತು' ಎಂಬ ಆ ಒಂದು ಪದ ನನ್ನನ್ನು ಚುಚ್ಚಿತು. ಅವತ್ತು ನಾನು ಏನು ಹೇಳಿದ್ದೆ ಎಂಬುದು ನನಗೂ ನೆನಪಿತ್ತು. ಒಂದು ವಾರ ಸಮಯ ಕೊಡಪ್ಪಾ ಎಂದು ಕೇಳಿ ಕಳುಹಿಸಿದೆ. ಆ ಒಂದು ವಾರ ಓದಿದ್ದನ್ನೂ, ನೆನಪು ಮಾಡಿಕೊಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇತಿಹಾಸದ ಮೇಷ್ಟ್ರಾದವನು ಯಾವ ಪ್ರಶ್ನೆಗೂ ಹಿಂದಿನಿಂದಲೇ ಉತ್ತರ ಹುಡುಕಬೇಕಷ್ಟೆ.

ಸೈಕಲ್ ತುಳಿದು ಬದುಕುವ ಮನುಷ್ಯನನ್ನು ನಾನು ಮೊದಲು ಕಂಡದ್ದು 1970ರ ಸುಮಾರಿನಲ್ಲಿ, ನಮ್ಮೂರ ಮಾರಿಗುಡಿಯ ಮುಂದಿನ ಬಯಲಿನಲ್ಲಿ. ಎಲ್ಲಿಂದಲೋ ಬಂದ ಒಬ್ಬ ಬಡಕಲು ಯುವಕ ನಡುವೆ ಒಂದು ಕಂಬ ನೆಟ್ಟು, ಮೈಕು ಕಟ್ಟಿ, ಅದರ ಸುತ್ತ ಹಗಲೂ ರಾತ್ರಿ ಸೈಕಲ್ ಸುತ್ತುತ್ತಿದ್ದ. ಇಷ್ಟು ದಿನ ಕೆಳಗಿಳಿಯುವುದಿಲ್ಲ ಎಂಬುದು ಅವನ ಪಣ. ಊಟ, ಸ್ನಾನ, ಮುಖಕ್ಷೌರ ಎಲ್ಲವೂ ಸೈಕಲ್ಲಿನ ಮೇಲೆಯೇ. ಸಂಜೆ ಜನ ಸೇರಿದಾಗ ನೆಲದ ಮೇಲಿಟ್ಟ ಕರವಸ್ತ್ರವನ್ನು ಬಾಗಿ ಬಾಯಿಂದ ಎತ್ತುತ್ತಿದ್ದ. ಕೊನೆಯ ದಿನ ಊರ ಯಜಮಾನರು ಅವನ ಅಂಗಿಗೆ ಒಂದು ರೂಪಾಯಿ, ಎರಡು ರೂಪಾಯಿ ನೋಟುಗಳನ್ನು ಪಿನ್ನಿನಲ್ಲಿ ಚುಚ್ಚಿದರು. ಹೆಂಗಸರು ಮೊರದಲ್ಲಿ ರಾಗಿ ತಂದು ಸುರಿದರು. ಕೆಳಗಿಳಿಸಿದಾಗ ಅವನಿಗೆ ನಿಲ್ಲಲು ಆಗಲಿಲ್ಲ, ಇಬ್ಬರು ಹಿಡಿದುಕೊಂಡರು. ಮಾರನೆಯ ದಿನ ಮುಂದಿನ ಊರಿಗೆ ಹೊರಟುಹೋದ. ಅವನ ಹೆಸರನ್ನು ನಾವಾರೂ ಕೇಳಲಿಲ್ಲ.

ಸೈಕಲ್ ನಮಗೆ ಹೊಸದೇನೂ ಆಗಿರಲಿಲ್ಲ. ಮದ್ದೂರಿನ ಪೇಟೆ ಬೀದಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತಿತ್ತು. ಕಾಲು ನಿಲುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದೇ ಕಲಿತವರು. ಸ್ವಂತ ಸೈಕಲ್ ಇದ್ದವರು ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಾಗಿತ್ತು. ದೀಪವಿಲ್ಲದೆ ರಾತ್ರಿ ಹೊರಟರೆ ಪೊಲೀಸರು ಟ್ಯೂಬಿನ ಗಾಳಿ ಬಿಡುತ್ತಿದ್ದರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬೆಲ್ಲದ ಮೂಟೆ, ಹೆರಿಗೆಗೆ ಹೊರಟ ಹೆಣ್ಣುಮಗಳು, ಎಲ್ಲವನ್ನೂ ಕ್ಯಾರಿಯರ್ ಹೊತ್ತಿದೆ. ಇಷ್ಟೆಲ್ಲ ಇದ್ದೂ, ನಮ್ಮ ಶಾಲೆಗಳಲ್ಲಿ ಸೈಕಲ್ಲಿಗೆ ಇದ್ದದ್ದು ಒಂದೇ ಪಂದ್ಯ, ಅದು ನಿಧಾನ ಸೈಕಲ್ ಪಂದ್ಯ. ಕಾಲು ನೆಲಕ್ಕೆ ತಾಗಬಾರದು, ಎಲ್ಲರಿಗಿಂತ ಕೊನೆಗೆ ಬಂದವನಿಗೆ ಮೊದಲ ಬಹುಮಾನ. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ನಾನೇ ಎಷ್ಟೋ ವರ್ಷ ಪೀಪಿ ಹಿಡಿದು ಆ ಪಂದ್ಯ ನಡೆಸಿದ್ದೇನೆ. ನಿಮ್ಮಲ್ಲಿ ಹಲವರು ಸ್ಟೀಲ್ ಲೋಟ, ಸೋಪಿನ ಡಬ್ಬಿ ಗೆದ್ದದ್ದೂ ನೆನಪಿರಬಹುದು. ಬೇಗ ಹೋದವನಿಗೆ ಸೋಲು ಎಂಬ ನಿಯಮದ ವಿಚಿತ್ರ ಅಂದು ನನಗೆ ಹೊಳೆದಿರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ವೇಗವಾಗಿ ಸೈಕಲ್ ಓಡಿಸುವುದೇ ಒಂದು ವೃತ್ತಿಯಾಗಿ ಬೆಳೆದದ್ದು ಯೂರೋಪಿನಲ್ಲಿ. ಅದರ ಹಿಂದೆ ಇದ್ದದ್ದು ಪತ್ರಿಕೆಗಳ ವ್ಯಾಪಾರ. ಫ್ರಾನ್ಸಿನಲ್ಲಿ 'ಲೊಟೊ' ಎಂಬ ಕ್ರೀಡಾ ಪತ್ರಿಕೆ ತನ್ನ ಪ್ರಸಾರವನ್ನು ಹೆಚ್ಚಿಸಿಕೊಳ್ಳಲು 1903ರ ಜುಲೈನಲ್ಲಿ ದೇಶವನ್ನೇ ಸುತ್ತಿಬರುವ ಪಂದ್ಯವೊಂದನ್ನು ಏರ್ಪಡಿಸಿತು. ಅದೇ ಟೂರ್ ಡಿ ಫ್ರಾನ್ಸ್. ಆರು ಹಂತಗಳಲ್ಲಿ 2,428 ಕಿಲೋಮೀಟರ್. ಮೊದಲ ಹಂತವೇ 467 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿಯನ್ನು ದಾಟಿ ಹೋಗುವಷ್ಟು ದೂರವನ್ನು ಎಲ್ಲೂ ತಂಗದೆ, ಕತ್ತಲಲ್ಲಿ, ಮಣ್ಣು ರಸ್ತೆಯಲ್ಲಿ ತುಳಿಯಬೇಕಾಗಿತ್ತು. ಹೊರಟವರು 60 ಮಂದಿ, ಮುಗಿಸಿದವರು 21. ಗೆದ್ದವನು ಮೊರೀಸ್ ಗರಾಂ. ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿಗೆ ಬಂದು, ಬಾಲ್ಯದಲ್ಲಿ ಮನೆಗಳ ಹೊಗೆಗೂಡು ಗುಡಿಸುತ್ತಿದ್ದ ಬಡವ. ಎರಡನೆಯವನಿಗಿಂತ ಸುಮಾರು ಮೂರು ಗಂಟೆ ಮುಂದೆ ಬಂದ. ಮರುವರ್ಷವೂ ಅವನೇ ಮೊದಲು ಬಂದನಾದರೂ ಮೋಸದ ಆರೋಪ ಸಾಬೀತಾಗಿ ಪಟ್ಟಿಯಿಂದ ಹೊರಬಿದ್ದ. ಕೀರ್ತಿಯೂ ಕಳಂಕವೂ ಈ ವೃತ್ತಿಗೆ ಅವಳಿಗಳಂತೆ ಹುಟ್ಟಿದವು.

ಈ ವೃತ್ತಿಯ ಒಳಗುಟ್ಟು ಮದ್ದೂರಿನ ಹುಡುಗರಿಗೆ ವಿವರಿಸದೆಯೇ ತಿಳಿಯುವಂಥದು. ಕಬ್ಬಿನ ಲಾರಿಯ ಹಿಂದೆ ಸೈಕಲ್ ಹಾಕಿದವರಿಗೆ ಗೊತ್ತು, ಅಲ್ಲಿ ತುಳಿಯುವುದು ಎಷ್ಟು ಹಗುರ ಎಂದು. ಜಲ್ಲೆ ಎಳೆಯುವ ಆಸೆ ಒಂದು ಕಡೆ, ಗಾಳಿಯ ತಡೆ ಇಲ್ಲದಿರುವುದು ಇನ್ನೊಂದು ಕಡೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆದ್ದರಿಂದ ರಸ್ತೆ ಓಟದಲ್ಲಿ ಒಬ್ಬನೇ ಗೆಲ್ಲಲಾರ. ತಂಡದಲ್ಲಿ ಒಬ್ಬನು ನಾಯಕ; ಉಳಿದವರು ಸರದಿಯ ಮೇಲೆ ಅವನ ಮುಂದೆ ನಿಂತು ಗಾಳಿಯನ್ನು ಸೀಳುತ್ತಾರೆ. ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ತಂದುಕೊಡುತ್ತಾರೆ. ನಾಯಕನ ಟಯರು ಒಡೆದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ನಿಲ್ಲುತ್ತಾರೆ. ಸಂಬಳಕ್ಕೆ ತುಳಿಯುವ ಬಹುಪಾಲು ಸವಾರರು ಇಡೀ ಜೀವಮಾನದಲ್ಲಿ ಒಂದು ದೊಡ್ಡ ಪಂದ್ಯವನ್ನೂ ಗೆಲ್ಲದೆ ನಿವೃತ್ತರಾಗುತ್ತಾರೆ. ಗೆಲ್ಲಿಸುವುದೇ ಅವರ ಉದ್ಯೋಗ. ನಮ್ಮ ಮೇಷ್ಟ್ರ ಕೆಲಸಕ್ಕೂ ಇದಕ್ಕೂ ಅಷ್ಟೇನೂ ದೂರವಿಲ್ಲ ಎಂದು ಇದನ್ನು ಓದುವಾಗ ಅನ್ನಿಸಿತು.

ಭಾರತದ ಕಥೆಗೆ 1938 ಒಂದು ಒಳ್ಳೆಯ ಗುರುತುಗಲ್ಲು. ಆ ವರ್ಷದ ಏಪ್ರಿಲಿನಲ್ಲಿ ನಮ್ಮ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದನ್ನು ನಾನು ತರಗತಿಯಲ್ಲಿ ಹೇಳಿ ಹೇಳಿ ನಿಮಗೆ ಬಾಯಿಪಾಠವಾಗಿದೆ. ಅದಕ್ಕೆ ಎರಡು ತಿಂಗಳು ಮುಂಚೆ ಸಿಡ್ನಿಯ ಎಂಪೈರ್ ಕ್ರೀಡಾಕೂಟದಲ್ಲಿ ಲಾಹೋರಿನ ಜಾನಕೀದಾಸ್ ಎಂಬುವರು ಭಾರತದ ಪರವಾಗಿ ಸೈಕಲ್ ಓಡಿಸಿದ್ದರು. ಮುಂದೆ ಅವರು ಹಿಂದಿ ಚಿತ್ರಗಳಲ್ಲಿ ನಟರಾಗಿಯೂ ಹೆಸರಾದರು. ಅದೇ ವರ್ಷದ ಜುಲೈನಲ್ಲಿ ಇಟಲಿಯ ಜೀನೊ ಬಾರ್ತಾಲಿ ಮೊದಲ ಸಲ ಟೂರ್ ಡಿ ಫ್ರಾನ್ಸ್ ಗೆದ್ದ. ನಡುವೆ ಮಹಾಯುದ್ಧ ಬಂದು ಅವನ ಪ್ರಾಯದ ಒಳ್ಳೆಯ ವರ್ಷಗಳನ್ನು ನುಂಗಿತು. ಆದರೂ ಹತ್ತು ವರ್ಷಗಳ ನಂತರ, 1948ರ ಜುಲೈನಲ್ಲಿ, 34ರ ವಯಸ್ಸಿನಲ್ಲಿ ಅವನು ಮತ್ತೆ ಗೆದ್ದ. ಅದೇ ತಿಂಗಳ ಕೊನೆಯಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾಯಿತು. ಸ್ವತಂತ್ರ ಭಾರತದ ಸೈಕಲ್ ತಂಡ ಅಲ್ಲಿ ಸ್ಪರ್ಧಿಸಿತು. ಜಾನಕೀದಾಸ್ ಮತ್ತು ಮುಂಬಯಿಯ ಸೊಹ್ರಾಬ್ ಭೂತ್ ಮೊದಲಾದವರ ಪ್ರಯತ್ನದಿಂದ 1946ರಲ್ಲಿ ರಾಷ್ಟ್ರೀಯ ಸೈಕಲ್ ಒಕ್ಕೂಟ ಹುಟ್ಟಿತ್ತು. ಮುಂಬಯಿಯಿಂದ ಘಟ್ಟ ಹತ್ತಿ ಪುಣೆಗೆ ಹೋಗುವ ಪಂದ್ಯವೂ 1940ರ ದಶಕದಲ್ಲೇ ಶುರುವಾಯಿತು.

ಎರಡು ಕಥೆಗಳೂ ಒಂದೇ ಕಾಲದವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಬಾರ್ತಾಲಿಗೆ ಸೈಕಲ್ ಅನ್ನ ಕೊಟ್ಟಿತು. ಸೈಕಲ್ ತಯಾರಿಸುವ ಕಂಪೆನಿ ತನ್ನ ಹೆಸರಿಗಾಗಿ ಅವನನ್ನು ಸಾಕಿತು. ನಮ್ಮಲ್ಲಿಯೂ 1949ರಿಂದ ಒಂದಾದ ಮೇಲೊಂದು ದೊಡ್ಡ ಸೈಕಲ್ ಕಾರ್ಖಾನೆಗಳು ಬಂದವು, ಮದರಾಸಿನ ಟಿ.ಐ. ಸೈಕಲ್ಸ್, ಸೋನೆಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ. ಆದರೆ ಅವುಗಳಿಗೆ ಓಟಗಾರರ ಅಗತ್ಯವೇ ಬೀಳಲಿಲ್ಲ. ನಮ್ಮ ಜನ ಕೊಳ್ಳುತ್ತಿದ್ದದ್ದು ವೇಗಕ್ಕಲ್ಲ, ಭಾರ ಹೊರುವುದಕ್ಕೆ. ಓಟದ ಸೈಕಲ್ಲಿನ ತೂಕ 6.8 ಕಿಲೋಗ್ರಾಂಗಿಂತ ಕಡಿಮೆ ಇರಕೂಡದು ಎಂದು ಅಂತರರಾಷ್ಟ್ರೀಯ ಸಂಸ್ಥೆ ನಿಯಮ ಮಾಡಬೇಕಾಯಿತು, ಅಷ್ಟು ಹಗುರ ಅವು. ನಮ್ಮ ಮನೆಯ ಹಳೆಯ ಕಪ್ಪು ಸೈಕಲ್ ಅದರ ಮೂರರಷ್ಟು ತೂಗುತ್ತಿತ್ತು. ಹೀಗಾಗಿ ನಮ್ಮ ದೇಶದಲ್ಲಿ ಸೈಕಲ್ ಓಟಗಾರನಿಗೆ ಅನ್ನ ಹಾಕಿದ್ದು ಸೈಕಲ್ ಕಂಪೆನಿಯಲ್ಲ. ರೈಲ್ವೆ, ಸೇನೆ, ಪೊಲೀಸು.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ನಮ್ಮ ರಾಜ್ಯದ ಉತ್ತರ ಭಾಗದಲ್ಲಿ. ಕರ್ನಾಟಕದ ಸೈಕಲ್ ಓಟದ ತವರು ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಕಾರಣವನ್ನು ಹುಡುಕಿದರೆ ಜಾತ್ರೆ ಸಿಗುತ್ತದೆ. ಆ ಕಡೆಯ ಊರುಗಳ ಜಾತ್ರೆಗಳಲ್ಲಿ ಬಂಡಿ ಓಟ, ಕುಸ್ತಿಗಳ ಜೊತೆಗೆ ಸೈಕಲ್ ಓಟವೂ ನಡೆಯುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇಂತಿಷ್ಟು ಮೈಲಿ, ಗೆದ್ದವನಿಗೆ ನಗದು ಬಹುಮಾನ. ಹತ್ತೂರಿನ ಹುಡುಗರು ಬಂದು ಸೇರುತ್ತಾರೆ. ಸೋತವನು ಮುಂದಿನ ಊರಿನ ಜಾತ್ರೆಗೆ ತಯಾರಾಗುತ್ತಾನೆ. ವಿಜಯಪುರ, ಬಾಗಲಕೋಟೆ, ಗದಗಗಳಲ್ಲಿ ಕ್ರೀಡಾ ಇಲಾಖೆಯ ವಸತಿನಿಲಯಗಳ ಹುಡುಗ ಹುಡುಗಿಯರೂ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯವರೂ ರಾಜ್ಯಕ್ಕೆ ಪದಕ ತಂದದ್ದು ಈ ಮಣ್ಣಿನ ಬಲದಿಂದ. ಅವರಲ್ಲಿ ಬಹುಮಂದಿ ಒಣಬೇಸಾಯದ ಮನೆಗಳಿಂದ ಬಂದವರು. ಪದಕ ಬಂದ ಮೇಲೆ ಅವರು ಕಣ್ಣಿಟ್ಟದ್ದು ಫ್ರಾನ್ಸಿನ ಮೇಲಲ್ಲ, ಕ್ರೀಡಾ ಮೀಸಲಿನ ರೈಲ್ವೆ ನೌಕರಿಯ ಮೇಲೆ. ಅದನ್ನು ಸಣ್ಣ ಆಸೆ ಎಂದು ಯಾರೂ ಹಂಗಿಸಬಾರದು. ಮಳೆ ನಂಬಿದ ಮನೆಗೆ ತಿಂಗಳ ಸಂಬಳ ಬರುವುದು ಎಂದರೆ ಅದೇ ಒಂದು ಗೆಲುವು. ವಿಜಯಪುರದ ವೆಲೊಡ್ರೋಮ್, ಅಂದರೆ ಸೈಕಲ್ ಓಟದ ಬಾಗುಪಥ, ವರ್ಷಗಟ್ಟಲೆ ಕುಂಟುತ್ತಾ ಸಾಗಿದ ಕಾಮಗಾರಿ. ಓಟಗಾರರು ಅದಕ್ಕಾಗಿ ಕಾಯಲಿಲ್ಲ, ರಸ್ತೆಯಲ್ಲೇ ಬೆಳೆದರು. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ವಿಜಯಪುರದಲ್ಲೇ ನಡೆಯಿತು.

ನೌಕರಿ ಹಿಡಿಯಲು ಸೈಕಲ್ ತುಳಿದವರು ಇವರಾದರೆ, ಸೈಕಲ್ ತುಳಿಯಲು ನೌಕರಿ ಬಿಟ್ಟವರ ಕಥೆ ಬೆಂಗಳೂರಿನಲ್ಲಿದೆ. ನವೀನ್ ಜಾನ್ ಚಿಕ್ಕಂದಿನಿಂದ ಓಟಗಾರರಾಗಿ ಬೆಳೆದವರಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಗ ದಪ್ಪಗಿದ್ದ ಮೈಯನ್ನು ಇಳಿಸಲು ಸೈಕಲ್ ಹತ್ತಿದವರು. ಹತ್ತಿದ ಮೇಲೆ ಇಳಿಯಲು ಮನಸ್ಸಾಗಲಿಲ್ಲ. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದಾಗ ಅಲ್ಲಿ ಹೊಸದೊಂದು ವಾತಾವರಣ ಮೂಡಿತ್ತು. 2009ರಲ್ಲಿ ವೆಂಕಟೇಶ್ ಶಿವರಾಮ ಅವರು ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ ಎಂಬ ಪಂದ್ಯಮಾಲೆಯನ್ನು ಆರಂಭಿಸಿದ್ದರು. ಕಂಪ್ಯೂಟರ್ ಕಂಪೆನಿಗಳ ಯುವಕರು ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟ ಹತ್ತುತ್ತಿದ್ದರು. ನವೀನ್ 'ಸ್ಪೆಷಲೈಸ್ಡ್ ಕಿನ್ಕಿನಿ' ಎಂಬ ಬೆಂಗಳೂರಿನ ತಂಡದಲ್ಲಿ ಓಡಿದರು. 2010ರ ದಶಕದಲ್ಲಿ ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದರು. ಈ ಸ್ಪರ್ಧೆಯಲ್ಲಿ ಮುಂದೆ ಗಾಳಿ ಸೀಳಿಕೊಡುವವರಿಲ್ಲ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಎದುರಾಳಿ ಗಡಿಯಾರ ಮಾತ್ರ.

ದೇಶದಲ್ಲಿ ಗೆದ್ದದ್ದು ಸಾಲದೆಂದು ಅವರು ಬೆಲ್ಜಿಯಂಗೆ ಹೋದರು. ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಬೇಸಿಗೆಯುದ್ದಕ್ಕೂ ಊರೂರಲ್ಲಿ 'ಕರ್ಮೆಸ್' ನಡೆಯುತ್ತದೆ. ಆ ಪದದ ಮೂಲ ಅರ್ಥ ಚರ್ಚಿನ ಹಬ್ಬ, ಅಂದರೆ ಊರಜಾತ್ರೆ! ಜಾತ್ರೆಯ ದಿನ ಊರಿನ ಬೀದಿಗಳನ್ನೇ ಸುತ್ತುವ ಸೈಕಲ್ ಓಟ, ಗೆದ್ದವರಿಗೆ ಅಲ್ಲೇ ಹಣ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಬಾಗಲಕೋಟೆಯ ಜಾತ್ರೆಗೂ ಫ್ಲಾಂಡರ್ಸಿನ ಜಾತ್ರೆಗೂ ಒಂದೇ ಗುಣ. ಜಗತ್ತಿನ ಅತ್ಯುತ್ತಮ ಓಟಗಾರರು ಫ್ಲಾಂಡರ್ಸಿನಿಂದ ಬಂದರು, ನಮ್ಮ ರಾಜ್ಯದವರು ವಿಜಯಪುರದ ಕಡೆಯಿಂದ ಬಂದರು. ಎರಡೂ ಕಡೆ ಮೊದಲು ಹುಟ್ಟಿದ್ದು ವೀರನಲ್ಲ. ಸೋತವನಿಗೂ ಮುಂದಿನ ವಾರ ಇನ್ನೊಂದು ಪಂದ್ಯ ಕಾದಿರುವ ಪದ್ಧತಿ. ನಮ್ಮ ಮಂಡ್ಯದ ಕಡೆ ಎತ್ತಿನ ಗಾಡಿಗೆ ಆ ಪದ್ಧತಿ ಇದೆ, ಆದ್ದರಿಂದಲೇ ಓಟದ ಎತ್ತುಗಳನ್ನು ಸಾಕುವವರಿದ್ದಾರೆ. ಸೈಕಲ್ಲಿಗೆ ಇರಲಿಲ್ಲ.

ಬಳಿಕ ನವೀನ್ ಆಸ್ಟ್ರೇಲಿಯಾದ 'ಸ್ಟೇಟ್ ಆಫ್ ಮ್ಯಾಟರ್ ಮಾಪ್' ತಂಡಕ್ಕೆ ಸೇರಿದರು. ಅಂತರರಾಷ್ಟ್ರೀಯ ಸಂಸ್ಥೆಯ ಕಾಂಟಿನೆಂಟಲ್ ಮಟ್ಟದ ತಂಡ ಅದು. ಆ ಮಟ್ಟದ ತಂಡಕ್ಕೆ ಸಹಿ ಹಾಕಿದ ಮೊದಲ ಭಾರತೀಯ ಎಂಬ ಹೆಸರು ಅವರದಾಯಿತು. ಕಾಂಟಿನೆಂಟಲ್ ಎಂದರೆ ಮೂರನೆಯ ಮೆಟ್ಟಿಲು. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಸವಾರರಿಗೆ ಇಂತಿಷ್ಟು ಸಂಬಳ ಕೊಡಲೇಬೇಕು. ಈ ಮೆಟ್ಟಿಲಿನಲ್ಲಿ ಅಂಥ ಕಟ್ಟುಪಾಡಿಲ್ಲ. 2016ರ ಅಕ್ಟೋಬರಿನಲ್ಲಿ ಕತಾರ್ ದೇಶದ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ನವೀನ್ ಜಾನ್ ಮತ್ತು ಅರವಿಂದ್ ಪನ್ವಾರ್ ಭಾರತದ ಪರ ಓಡಿದರು. ದೂರ 40 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಮದ್ದೂರಿನಿಂದ ಮಂಡ್ಯಕ್ಕೆ ಹೋಗಿ ಮದ್ದೂರಿಗೇ ಬಂದಷ್ಟು. ಗೆದ್ದ ಜರ್ಮನಿಯ ಟೋನಿ ಮಾರ್ಟಿನ್ ಅದನ್ನು 45 ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಮುಗಿಸಿದ. ನಮ್ಮ ಇಬ್ಬರ ಹೆಸರುಗಳು ಪಟ್ಟಿಯ ಕೆಳಭಾಗದಲ್ಲಿದ್ದವು. ನಿಮ್ಮ ಉತ್ತರಪತ್ರಿಕೆ ತಿದ್ದುವಾಗ ನಾನು ಅಂಕ ಮಾತ್ರ ನೋಡುತ್ತಿದ್ದೆ. ಈಗ ಆ ಪಟ್ಟಿ ನೋಡಿದರೆ, ಅಲ್ಲಿ ಹೆಸರು ಇರುವುದೇ ದೊಡ್ಡದಾಗಿ ಕಾಣುತ್ತದೆ. ಇಪ್ಪತ್ತು ದಾಟಿದ ಮೇಲೆ ಸೈಕಲ್ ಓಟ ಕಲಿತ ಇಂಜಿನಿಯರ್ ಒಬ್ಬರು ಅಲ್ಲಿಯವರೆಗೆ ಹೋಗಬಲ್ಲರಾದರೆ, ಹನ್ನೆರಡರಲ್ಲಿ ಹಾಲಿನ ಕ್ಯಾನು ಹೊತ್ತು ತುಳಿದ ಮಗು ಎಲ್ಲಿಯವರೆಗೆ ಹೋದೀತು ಎಂಬ ಪ್ರಶ್ನೆ ಏಳದೆ ಇರದು.

ಈ ಪ್ರಶ್ನೆಗೆ ಆಫ್ರಿಕದ ಎರಿಟ್ರಿಯಾ ಒಂದು ಉತ್ತರ ಕೊಟ್ಟಿದೆ. ಕರ್ನಾಟಕದ ಜನಸಂಖ್ಯೆ 2011ರಲ್ಲೇ ಆರು ಕೋಟಿ ದಾಟಿತ್ತು. ಎರಿಟ್ರಿಯಾದ್ದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ, ಬಡತನವೂ ಹೆಚ್ಚು. ಆಳಲು ಬಂದ ಇಟಲಿಯವರು ಅಲ್ಲಿಗೆ ಸೈಕಲ್ ಓಟವನ್ನು ತಂದರು, ಆಳ್ವಿಕೆ ಹೋದ ಮೇಲೂ ಓಟ ಉಳಿಯಿತು. ರಾಜಧಾನಿ ಅಸ್ಮಾರಾದ ಬೀದಿಗಳಲ್ಲೇ ಪಂದ್ಯಗಳು ನಡೆಯುತ್ತವೆ. ಆ ದೇಶದ ಬಿನಿಯಮ್ ಗಿರ್ಮೇ 2024ರ ಟೂರ್ ಡಿ ಫ್ರಾನ್ಸಿನಲ್ಲಿ ಮೂರು ಹಂತಗಳನ್ನು ಗೆದ್ದು, ಅಂಕಗಳ ಲೆಕ್ಕದಲ್ಲಿ ಮೊದಲಿಗನಿಗೆ ಸಲ್ಲುವ ಹಸಿರು ಅಂಗಿಯನ್ನು ತೊಟ್ಟ. ನಮಗೂ ಇಂಗ್ಲಿಷರು ಬಂದು ಕ್ರಿಕೆಟ್ ಕೊಟ್ಟು ಹೋದರು. ನಾವು ಅದನ್ನು ಬಿಡಲಿಲ್ಲ. ಯಾವುದನ್ನು ಹಿಡಿದುಕೊಳ್ಳುತ್ತೇವೋ ಅದರಲ್ಲೇ ಮುಂದೆ ಬರುತ್ತೇವೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1999ರಿಂದ 2005ರವರೆಗೆ ಅಮೆರಿಕದ ಲಾನ್ಸ್ ಆರ್ಮ್‌ಸ್ಟ್ರಾಂಗ್ ಏಳು ಸಲ ಸತತವಾಗಿ ಟೂರ್ ಡಿ ಫ್ರಾನ್ಸ್ ಗೆದ್ದಾಗ, ಕ್ಯಾನ್ಸರನ್ನು ಗೆದ್ದು ಬಂದ ಆ ವೀರನ ಕಥೆಯನ್ನು ನಾನು ತರಗತಿಯಲ್ಲಿ ಕಣ್ಣರಳಿಸಿ ಹೇಳಿದ್ದೇನೆ. 2012ರಲ್ಲಿ ಉದ್ದೀಪನ ಮದ್ದಿನ ಕಾರಣಕ್ಕೆ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡರು; ಮರುವರ್ಷ ಅವನೇ ತಪ್ಪೊಪ್ಪಿಕೊಂಡ. ಅವನ ಕಾಯಿಲೆ ನಿಜ, ಗುಣವಾದದ್ದೂ ನಿಜ. ಗೆಲುವು ಮಾತ್ರ ನಿಜವಲ್ಲ. ಆ ಕಥೆ ಕೇಳಿದ್ದ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಅಂದಿನ ಪಾಠಕ್ಕೆ ಇದನ್ನು ತಿದ್ದುಪಡಿ ಎಂದು ಸೇರಿಸಿಕೊಳ್ಳಿ.

ನಾನು ಮಾಡಬೇಕಾದ ಇನ್ನೊಂದು ತಿದ್ದುಪಡಿ ಇದಕ್ಕಿಂತ ಕಷ್ಟದ್ದು. 1997ರಲ್ಲಿ ಆ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಅವನ ಊರಿನಿಂದ ಶಾಲೆಗೆ ಹನ್ನೊಂದು ಕಿಲೋಮೀಟರ್. ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಕಿ, ಅಲ್ಲಿಂದ ಶಾಲೆಗೆ ಬರುತ್ತಿದ್ದ. ದಿಬ್ಬದಲ್ಲಿ ನನ್ನ ಟಿ.ವಿ.ಎಸ್. ಮೊಪೆಡ್ ಏದುಸಿರು ಬಿಡುತ್ತಿದ್ದಾಗ ಪಕ್ಕದಲ್ಲೇ ಬಂದು "ನಮಸ್ಕಾರ ಸಾ" ಎಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದ. ಒಂದು ದಿನ ದಸರಾ ಸೈಕಲ್ ಪಂದ್ಯದ ಸುದ್ದಿಯಿದ್ದ ಪತ್ರಿಕೆಯ ತುಣುಕನ್ನು ಹಿಡಿದು ಬಂದು, ಮೈಸೂರಿಗೆ ಹೋಗಿ ಓಡಬೇಕು, ಅಪ್ಪನಿಗೆ ನೀವೊಂದು ಮಾತು ಹೇಳಿ ಸಾ ಎಂದು ಕೇಳಿದ. ನಾನು ಆ ಚೂರನ್ನು ಸರಿಯಾಗಿ ಓದಲೂ ಇಲ್ಲ. "ಸೈಕಲ್ ತುಳಿದು ಯಾರಪ್ಪ ಉದ್ಧಾರ ಆಗಿದ್ದಾರೆ? ಮೊದಲು ಎಸ್ಸೆಸ್ಸೆಲ್ಸಿ ಪಾಸು ಮಾಡು" ಎಂದೆ. ಇಡೀ ತರಗತಿ ನಕ್ಕಿತು. ಅವನು ಪಾಸು ಮಾಡಿದ. ಮುಂದೆ ಚಾಲಕನ ಕೆಲಸವೂ ಸಿಕ್ಕಿತು, ಮನೆ ಕಟ್ಟಿದ, ತಂಗಿಯ ಮದುವೆ ಮಾಡಿದ. ಲೆಕ್ಕಕ್ಕೆ ನೋಡಿದರೆ ನನ್ನ ಮಾತು ತಪ್ಪಲ್ಲ. ಆದರೆ ನಾನು ಉತ್ತರ ಹೇಳಿದ್ದು ತಿಳಿದು ಅಲ್ಲ. ವಿಜಯಪುರದಲ್ಲಿ ವಸತಿನಿಲಯ, ರೈಲ್ವೆಯಲ್ಲಿ ಕ್ರೀಡಾ ಮೀಸಲಿನ ನೌಕರಿ, ಇವಾವುದನ್ನೂ ನಾನು ವಿಚಾರಿಸಿರಲಿಲ್ಲ. ಒಂದು ಕಾರ್ಡು ಬರೆದಿದ್ದರೂ ತಿಳಿಯುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳುವುದು ಮೇಷ್ಟ್ರಿಗೆ ಬಹಳ ಸುಲಭ, ಎದುರಿಗಿರುವವರು ನಂಬುತ್ತಾರೆ.

ಆಮೇಲೆ ಕಾಲ ಬದಲಾಯಿತು. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಹೆಣ್ಣುಮಕ್ಕಳು ಸಾಲು ಸಾಲಾಗಿ ಸೈಕಲ್ ತುಳಿದು ಬರುವುದನ್ನು ನೋಡಲು ಶಾಲೆಯ ಗೇಟಿನ ಬಳಿ ನಾನು ಬೇಗ ಹೋಗಿ ನಿಲ್ಲುತ್ತಿದ್ದೆ. ಕೊರೋನಾ ಬಂದ ವರ್ಷದಿಂದ ಆ ವಿತರಣೆ ನಿಂತಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪೆನಿಯ ಕೊನೆಯ ಕಾರ್ಖಾನೆ ಬಾಗಿಲು ಹಾಕಿತು. 2023ರ ಮಾರ್ಚಿನಲ್ಲಿ ನಮ್ಮ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ಸೈಕಲ್ಲಿನಂಥ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಾಯಿತು. ಅಪಘಾತಗಳನ್ನು ನೋಡಿದವರಿಗೆ ಅದು ಸರಿಯಾದ ತೀರ್ಮಾನವೇ. ಆದರೂ ನನ್ನ ಪ್ರಾಯದವರಿಗೆ, ಸೈಕಲ್ ಇಲ್ಲದ ಮೈಸೂರು ರಸ್ತೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಮುಂದಿನ ಭಾನುವಾರ ತಂದೆ ಮಗಳು ಮತ್ತೆ ಬಂದರು. ನಾನು ತಿಳಿದುಕೊಂಡದ್ದನ್ನೆಲ್ಲ ಎರಡೂ ಕಡೆಯ ಲೆಕ್ಕವಾಗಿ ಅವರ ಮುಂದಿಟ್ಟೆ. ಭಾರತದ ಯಾವ ಸವಾರನೂ ಇದುವರೆಗೆ ಟೂರ್ ಡಿ ಫ್ರಾನ್ಸಿನಲ್ಲಿ ಓಡಿಲ್ಲ. ಪಂದ್ಯ ಗೆದ್ದ ಹಣದಲ್ಲೇ ಬದುಕುವವರು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿದ್ದರೆ ಕೊರಳಿನ ಪಕ್ಕದ ಮೂಳೆ ಮುರಿಯುವುದು ಈ ಆಟದಲ್ಲಿ ಸಾಮಾನ್ಯ. ಆದರೆ ವಸತಿನಿಲಯದಲ್ಲಿ ಊಟ, ಓದು, ತರಬೇತಿ ಮೂರೂ ಇರುತ್ತದೆ; ಪದಕ ಬಂದರೆ ನೌಕರಿಯ ಬಾಗಿಲು ತೆರೆಯಬಹುದು; ಬಾರದಿದ್ದರೂ ಹದಿನೆಂಟಕ್ಕೆ ಅವಳ ಕೈಯಲ್ಲಿ ಪಿಯುಸಿ ಇರುತ್ತದೆ. ತುಳಿದು ಬದುಕಬಹುದೇ ಎಂದು ನೀನು ಕೇಳಿದೆಯಲ್ಲ, ಬದುಕಬಹುದು, ಆದರೆ ಸುತ್ತುದಾರಿಯಲ್ಲಿ ಎಂದೆ. ಆಮೇಲೆ ಮಗುವಿನ ಕಡೆ ತಿರುಗಿ, ಸೈಕಲ್ಲಿನಲ್ಲಿ ನಿನಗೆ ಏನಮ್ಮ ಇಷ್ಟ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ದಿಬ್ಬ ಹತ್ತೋವಾಗ ಎಲ್ಲಾರೂ ಹಿಂದೆ ಉಳ್ಕೊತಾರೆ ತಾತ, ಅದು" ಎಂದಳು. ಅವಳ ಅಪ್ಪ ನನ್ನ ಮುಖ ನೋಡಿದ. 1997ರ ದಿಬ್ಬ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

ಆಯ್ಕೆಯ ದಿನಕ್ಕೆ ಇನ್ನೂ ಕೆಲವು ವಾರಗಳಿವೆ. ರಜೆ ಇದ್ದ ದಿನ ಬೆಳಿಗ್ಗೆ ಐದೂವರೆಗೆ ಅವನು ಸ್ಕೂಟರಿನಲ್ಲಿ ಬಂದು ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಾನೆ. ಮಳವಳ್ಳಿ ರಸ್ತೆಯಲ್ಲಿ ಮಗು ಮುಂದೆ ತುಳಿಯುತ್ತಾಳೆ. ನಾನು ಕೈಗಡಿಯಾರ ನೋಡಿ ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ನಿಧಾನ ಸೈಕಲ್ ಪಂದ್ಯಕ್ಕೆ ಪೀಪಿ ಊದುತ್ತಿದ್ದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಬಂದ ಬಡ್ತಿ ಇದು.

ಅವಳ ಸೈಕಲ್ ಇನ್ನೂ ಹಳೆಯದೇ, ಅಪ್ಪನ ಕಾಲದ ತೂಕದ್ದು. ಬೆಂಗಳೂರಿನಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುವುದು ನನಗೆ ಗೊತ್ತು. ನಿಮ್ಮ ಮನೆಯ ಮೂಲೆಯಲ್ಲಿ ನಾಲ್ಕು ಅಡಿ ಹತ್ತಂಗುಲ ಎತ್ತರದ ಹುಡುಗಿಗೆ ಒಪ್ಪುವ ಹಳೆಯ ಓಟದ ಸೈಕಲ್ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಟಯರು ಟ್ಯೂಬು ಹೋಗಿದ್ದರೂ ಚಿಂತೆಯಿಲ್ಲ, ಅದನ್ನು ಇಲ್ಲಿ ಹಾಕಿಸಿಕೊಳ್ಳುತ್ತೇವೆ.

ಎಲ್ಲರಿಗೂ ಆಶೀರ್ವಾದಗಳು.